ಹೂವಪ್ಪನ ಬೀರು, ಹುಲಿಯಮ್ಮನ ಸೀರೆ

ಹೂವಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಪೇಟೆಗೆ ಹೋದರೆ ಸಿಕ್ಕವರೆಲ್ಲ ನನ್ನನ್ನು ನಿಲ್ಲಿಸುತ್ತಾರೆ. "ಒಳ್ಳೇ ಮನುಷ್ಯ, ಹೋಗಿಬಿಟ್ರಲ್ಲ ಮೇಷ್ಟ್ರೆ" ಎನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ, "ಅಲ್ಲ, ನಮ್ಮನೇದು ಎರಡು ಸ್ವೆಟರು, ಒಂದು ಕಂಬಳಿ ಅವರ ಹತ್ರಾನೇ ಇತ್ತು. ಮಳೆ ಹಿಡೀತು ನೋಡಿ..." ಎಂದು ಎಳೆಯುತ್ತಾರೆ. ಮೊದಲನೆಯವನು ಹಾಗೆ ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಮೂರನೆಯವನು ಕೇಳುವ ಹೊತ್ತಿಗೆ ನಗು ಬಂತು. ಹಾರ ತಂದು ಹಾಕಿದ್ದಕ್ಕಿಂತ ಈ ವಿಚಾರಣೆಯೇ ಹೂವಪ್ಪನಿಗೆ ಹೆಚ್ಚು ಸಂತೋಷ ಕೊಡುತ್ತಿತ್ತು. ಈಗ ಅವನ ಹೆಂಡತಿ ಶ್ಯಾಮಲಾ ಗಂಟು ಬಿಚ್ಚಿ ಚೀಟಿ ಓದುತ್ತಾಳೆ, ನಾನು ಹೊಸನಗರದ ಬೀದಿಬೀದಿಗೆ ಹೋಗಿ ಸ್ವೆಟರು ಮುಟ್ಟಿಸಿ ಬರುತ್ತೇನೆ.

ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ಮೊದಲಿನಿಂದಲೇ ಹೇಳುತ್ತೇನೆ.

ಹೂವಪ್ಪ ಮೂವತ್ತೊಂದು ವರ್ಷ ಮಾಸ್ತಿಕಟ್ಟೆಯಲ್ಲಿ, ಕರೆಂಟು ತಯಾರಾಗುವ ಯೋಜನೆಯ ಸ್ಟೋರಿನಲ್ಲಿ ಕೆಲಸ ಮಾಡಿದ. ನಾನು ಅಲ್ಲಿನ ಕಾಲೊನಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಜೂನ್ ತಿಂಗಳಿಂದ ಮುಂದಕ್ಕೆ ಆ ಊರಿನಲ್ಲಿ ಗೋಡೆಯೂ ಬೆವರುತ್ತದೆ. ಪುಸ್ತಕದ ರಟ್ಟು ಬಾಗುತ್ತದೆ, ಚಪ್ಪಲಿಯ ಮೇಲೆ ಹಸಿರು ಬರುತ್ತದೆ, ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ. ಅಂಥ ಕಡೆ ತಾಮ್ರದ ಸುರುಳಿ, ಮೀಟರು, ರಿಲೇಗಳನ್ನು ಒಣಗಿದ ಹಾಗೇ ಇಡುವುದು ಹೂವಪ್ಪನ ಕೆಲಸ. ಕಬ್ಬಿಣದ ಬೀರುಗಳ ಬಾಗಿಲಿಗೆ ಸುತ್ತ ರಬ್ಬರ್ ಅಂಟಿಸಿ, ಒಳಗೆ ತಳದಲ್ಲಿ ಒಂದು ಬಲ್ಬು ಸದಾ ಉರಿಯುವಂತೆ ಇಟ್ಟು, ಮೂಲೆಯಲ್ಲಿ ತೇವ ಹೀರುವ ನೀಲಿ ಹರಳುಗಳ ಚೀಲ ಇಡುತ್ತಿದ್ದರು. ತೇವ ಕುಡಿದು ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಹುರಿದು ಮತ್ತೆ ನೀಲಿ ಮಾಡಬೇಕು.

ನಮ್ಮ ಸ್ನೇಹ ಶುರುವಾದದ್ದು ನನ್ನ ಮದುವೆಯ ಕೋಟಿನಿಂದ. ಇನ್‌ಸ್ಪೆಕ್ಟರು ಬರುವ ದಿನ ಹಾಕಿಕೊಳ್ಳೋಣ ಎಂದು ಟ್ರಂಕಿನಿಂದ ತೆಗೆದರೆ ಬೆನ್ನ ತುಂಬ ಬೂಸ್ಟು. ಒದ್ದೆ ಬಟ್ಟೆಯಿಂದ ಒರೆಸಲು ಹೊರಟಿದ್ದೆ. ಪಕ್ಕದ ಕ್ವಾರ್ಟರ್ಸಿನಿಂದ ಒಬ್ಬ ಓಡಿ ಬಂದು ಕೈ ಹಿಡಿದ.

"ಎಂತ ಮಾಡ್ತಿದೀರಿ ಮೇಷ್ಟ್ರೆ? ಬೂಸ್ಟಿಗೆ ನೀರು ಕುಡಿಸ್ತೀರಾ? ಇನ್ನೂ ಜೋರಾಗಿ ಬೆಳೀಲಿ ಅಂತನಾ?"

ಕೋಟನ್ನು ತನ್ನ ಸ್ಟೋರಿಗೆ ಒಯ್ದು, ಒಣಗಿಸಿ, ಅಂಗಳದ ಗಾಳಿಯಲ್ಲಿ ಬ್ರಷ್ಷಿನಿಂದ ಉಜ್ಜಿ, ಎರಡು ದಿನ ಬಿಟ್ಟು ತಂದುಕೊಟ್ಟ. ಇನ್‌ಸ್ಪೆಕ್ಟರು ಬರಲಿಲ್ಲ. ಆ ಕೋಟಿನಲ್ಲಿ ನಾನು ಹೂವಪ್ಪನ ಮನೆಗೇ ಊಟಕ್ಕೆ ಹೋದೆ.

ನಿವೃತ್ತನಾದ ಮೇಲೆ ಅವನು ಹೊಸನಗರದಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ತಾರಸಿ ಮನೆ ಮಾಡಿದ. ನಾನು ಅಲ್ಲಿಗೇ ಬಂದು ಎರಡು ಬೀದಿ ಆಚೆ ಬಾಡಿಗೆಗೆ ಇದ್ದೆ. ಮನೆಗೆ ಮಂಚ ತರುವ ಮೊದಲೇ ಹೂವಪ್ಪ ಒಂದು ದೊಡ್ಡ ಕಬ್ಬಿಣದ ಬೀರು ತಂದ. ಬಾಗಿಲಿಗೆ ರಬ್ಬರ್ ಅಂಟಿಸಿದ. ತಳದಲ್ಲಿ ತಂತಿ ಜಾಲರಿಯ ಒಳಗೆ ನಲವತ್ತು ವ್ಯಾಟಿನ ಹಳೆಯ ಕಾಲದ ಬಲ್ಬು ಕೂರಿಸಿದ. ಅಂಗಡಿಯವರು ಈಗ ಅಂಥ ಬಲ್ಬು ಬರುವುದಿಲ್ಲ, ಎಲ್‌ಇಡಿ ಒಯ್ಯಿ ಎಂದರೆ, "ನಂಗೆ ಬೆಳಕು ಬ್ಯಾಡ ಮಾರಾಯ, ಬಿಸಿ ಬೇಕು" ಎಂದು ಜಗಳ ಮಾಡಿ, ಕೊನೆಗೆ ಶಿವಮೊಗ್ಗದ ಯಾವುದೋ ಗೋಡೌನಿನಿಂದ ಒಂದು ಡಜನ್ ಹುಡುಕಿ ತಂದ. ಅದು ತನ್ನ ಮತ್ತು ಶ್ಯಾಮಲಾಳ ಬಟ್ಟೆಗೆ ಅಂತ ಮಾಡಿದ್ದು. ಆದರೆ ಮೊದಲ ಮಳೆಗಾಲದಲ್ಲೇ ಪಕ್ಕದ ಮನೆಯ ವಕೀಲ ಯೋಗರಾಜ್ ತಮ್ಮ ಕೋಟು ಹಿಡಿದುಕೊಂಡು ಬಂದರು. ಮಳೆಗಾಲದಲ್ಲಿ ನಮ್ಮ ಕಡೆ ವಕೀಲರ ಕರಿಕೋಟು ಬೂದುಕೋಟಾಗುತ್ತದೆ. ಹೂವಪ್ಪ ಅದನ್ನು ಸರಿಮಾಡಿ ಕೊಟ್ಟ. ಮುಂದಿನ ವಾರ ಇನ್ನಿಬ್ಬರು ವಕೀಲರು ಬಂದರು. ಅವರ ಹೆಂಡತಿಯರು ರೇಷ್ಮೆ ಸೀರೆ ತಂದರು.

ಹೀಗೆ ಅದೊಂದು ಪದ್ಧತಿಯೇ ಆಗಿಹೋಯಿತು. ಮೇ ತಿಂಗಳ ಕೊನೆಗೆ ಮದುವೆಗಳೆಲ್ಲ ಮುಗಿದ ಮೇಲೆ ರೇಷ್ಮೆ, ಕೋಟು, ಜರಿಪಂಚೆ ಹೂವಪ್ಪನ ಮನೆಗೆ ಬರುತ್ತಿದ್ದವು. ಬೇಸಿಗೆಗೆಂದು ಅಲ್ಲಿಟ್ಟಿದ್ದ ಕಂಬಳಿ, ಸ್ವೆಟರು ಹೊರಗೆ ಹೋಗುತ್ತಿದ್ದವು. ಪ್ರತಿ ಗಂಟಿಗೂ ಸ್ಟೋರಿನಲ್ಲಿ ಕಟ್ಟುತ್ತಿದ್ದಂಥದೇ ರಟ್ಟಿನ ಚೀಟಿ. ಹೆಸರು, ಬಂದ ದಿನ, ಮಡಿಕೆ ಬದಲಿಸಿದ ದಿನ. ಯಾರ ಹತ್ತಿರವೂ ಅವನು ಏನೂ ಕೇಳಲಿಲ್ಲ. ಜನ ಬಾಳೆಗೊನೆ, ಮಿಡಿ ಉಪ್ಪಿನಕಾಯಿ, ಸೌತೆಕಾಯಿ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು.

"ಮನೆಯಾ ಇದು?" ಎಂದು ಶ್ಯಾಮಲಾ ನನ್ನ ಮುಂದೆ ದೂರುತ್ತಿದ್ದಳು. "ಬೆಳಿಗ್ಗೆ ಎದ್ದು ದೋಸೆ ಹೊಯ್ಯಣ ಅಂದ್ರೆ ಇವ್ರು ಕಾವಲಿ ಮೇಲೆ ನೀಲಿ ಕಲ್ಲು ಹುರೀತಾ ಕೂತಿರ್ತಾರೆ. ನನ್ನ ದೋಸೆಗಿಂತ ಹದವಾಗಿ ಹುರೀತಾರೆ ಮತ್ತೆ!"

"ನಿನ್ನ ದೋಸೆ ಸೀದ್ರೆ ಇನ್ನೊಂದು ಹೊಯ್ಬೋದು ಕಣೆ. ಈ ಹರಳು ಸೀದ್ರೆ ಶಿವಮೊಗ್ಗಕ್ಕೆ ಹೋಗ್ಬೇಕು."

"ಹಂಗಾದ್ರೆ ತಿಂಡಿಗೆ ಅದನ್ನೇ ತಿನ್ನಿ!"

ಆಮೇಲೆ ಅವನು ಹರಳಿಗೆಂದೇ ಬೇರೆ ಕಾವಲಿ ತಂದ.

ಬಟ್ಟೆ ಇಡುವುದರಲ್ಲಿ ಅವನಿಗೆ ಬಹಳ ನಿಯಮಗಳಿದ್ದವು. ಬಿಸಿಲಿನಿಂದ ತಂದ ಬಟ್ಟೆಯನ್ನು ಹಾಗೇ ಪೆಟ್ಟಿಗೆಗೆ ಹಾಕಬಾರದು, ತಣಿಯಲು ಬಿಡಬೇಕು, ಇಲ್ಲದಿದ್ದರೆ ಒಳಗೆ ಬೆವರುತ್ತದೆ. ರೇಷ್ಮೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಬಾರದು, ಒಗೆದು ಒಗೆದು ಮೆತ್ತಗಾದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಬೇಕು. ಜರಿ ಒಳಮುಖವಾಗಿರಬೇಕು. ಡಾಂಬರು ಗುಳಿಗೆ ಜರಿಗೆ ತಾಗಿದರೆ ಜರಿ ಕಪ್ಪಾಗುತ್ತದೆ, ಅದರ ಬದಲು ಲಾವಂಚದ ಬೇರು ಇಡಬೇಕು. ಎರಡು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಗೆರೆಯ ಮೇಲೆ ಮಡಿಸಬೇಕು, ಇಲ್ಲದಿದ್ದರೆ ಮಡಿಕೆಯಲ್ಲೇ ರೇಷ್ಮೆ ಸೀಳುತ್ತದೆ. ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ಅವನು ಕೈಯಿಂದ ಮುಟ್ಟಿ ನೋಡುತ್ತಿರಲಿಲ್ಲ, ಕೆಳತುಟಿಗೆ ತಾಗಿಸಿ ನೋಡುತ್ತಿದ್ದ. ಕೈಗೆ ತಿಳಿಯದ ತಂಪು ತುಟಿಗೆ ತಿಳಿಯುತ್ತದಂತೆ. ಊರಿನ ಹೆಂಗಸರ ಸೀರೆಗಳನ್ನೆಲ್ಲ ಹೀಗೆ ತುಟಿಗೆ ಹಚ್ಚಿಕೊಳ್ಳುವುದನ್ನು ಬೀದಿಗೆ ಕಾಣದ ಹಾಗೆ ಮಾಡಿ ಎಂದು ಶ್ಯಾಮಲಾ ಬಾಗಿಲಿಗೆ ಪರದೆ ಹಾಕಿಸಿದಳು.

ಈ ನಿಯಮಗಳಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟಿನದು: ಮಳೆಗಾಲದಲ್ಲಿ, ಹರಳೋ ಮಡಿಕೆಯೋ ಬದಲಿಸಲು ಅವನೇ ತೆಗೆದಾಗ ಬಿಟ್ಟರೆ, ಏನೇ ಆದರೂ ಬೀರಿನ ಬಾಗಿಲು ತೆಗೆಯಬಾರದು. ತೆಗೆದರೆ ಹೊರಗಿನ ತೇವ ಒಳಗೆ ಬರುತ್ತದೆ. ಈ ಒಂದು ನಿಯಮ ಮೂರು ವರ್ಷದ ಹಿಂದೆ ನಮ್ಮಿಬ್ಬರ ಮಾನವನ್ನೂ ಹುಲಿಯಮ್ಮನ ಸೀರೆಯನ್ನೂ ಒಟ್ಟಿಗೆ ತೆಗೆಯುವುದರಲ್ಲಿತ್ತು.

ಹುಲಿಯಮ್ಮ ಕವಲೇದುರ್ಗದ ಕೋಟೆಯ ಕೆಳಗಿನ ಊರಿನವಳು. ಹೂವಪ್ಪನಿಗೆ ದೂರದ ಸಂಬಂಧದಲ್ಲಿ ಅಕ್ಕ ಆಗಬೇಕು. ಎಪ್ಪತ್ತು ದಾಟಿದ, ಎತ್ತರದ, ಮಾತು ಜೋರಿನ ಹೆಂಗಸು. ಅವಳ ಮನೆಯವರು ಹಿಂದೆ ಗೇಣಿಗೆ ಗದ್ದೆ ಮಾಡುತ್ತಿದ್ದವರು. ಗದ್ದೆ ಅವರ ಹೆಸರಿಗೇ ಆದ ವರ್ಷ ಅವಳ ಮಾವ ತನ್ನ ಹೆಂಡತಿಗೆ ಒಂದು ಮೊಳಕಾಲ್ಮೂರು ಸೀರೆ ತಂದಿದ್ದರು. ಕುಂಕುಮದ ಬಣ್ಣ, ಗಿಳಿಹಸಿರು ಅಂಚು. ಆ ಮನೆಗೆ ಬಂದ ಮೊದಲ ರೇಷ್ಮೆ ಅದು. ಅಂದಿನಿಂದ ಭೂಮಿ ಹುಣ್ಣಿಮೆಯ ದಿನ ಗದ್ದೆಯಲ್ಲಿ ಪೂಜೆ ಮಾಡುವ ಹೆಂಗಸು ಅದನ್ನೇ ಉಡಬೇಕು. ತೆನೆ ತುಂಬುತ್ತಿರುವ ಗದ್ದೆಯನ್ನು ಬಸುರಿ ಎಂದು ಬಗೆದು ಬಯಕೆಯ ಊಟ ಬಡಿಸುವ ಹಬ್ಬ ಅದು. ಮನೆಯಲ್ಲೂ ಬಸುರಿ ಹೆಂಗಸು ಇದ್ದರೆ ಪೂಜೆ ಅವಳದೇ, ಸೀರೆಯೂ ಅವಳಿಗೇ. ಅತ್ತೆ ಉಟ್ಟಿದ್ದರು, ಹುಲಿಯಮ್ಮ ಉಟ್ಟಿದ್ದಳು. ಮೂವತ್ತೈದು ವರ್ಷದಿಂದ ಆ ಮನೆಯಲ್ಲಿ ಬಸುರಿ ಇರಲಿಲ್ಲ. ಆ ವರ್ಷ ಸೊಸೆ ಸುಚಿತ್ರಾಳಿಗೆ, ಮದುವೆಯಾಗಿ ಒಂಬತ್ತು ವರ್ಷದ ಮೇಲೆ, ದಿನ ನಿಂತಿತ್ತು.

ಮೇ ಕೊನೆಯಲ್ಲಿ ಹುಲಿಯಮ್ಮ ಸೀರೆಯನ್ನು ಮಗುವನ್ನು ತರುವ ಹಾಗೆ ಎದೆಗೆ ಒತ್ತಿಕೊಂಡು ಬಂದಳು.

"ಹೂವಣ್ಣ, ನಮ್ಮನೆ ಪೆಟ್ಟಿಗೆಗೆ ನುಸಿ ಹತ್ಯದೆ. ಹುಣ್ಣಿಮೆ ತಂಕ ಇದು ನಿನ್ನ ಹತ್ರ ಇರ್ಲಿ. ಒಂದು ನೂಲು ಹೆಚ್ಚುಕಮ್ಮಿ ಆದ್ರೆ ನಾನು ಸತ್ತು ಮೇಲೆ ಹೋದಾಗ ನಮ್ಮತ್ತೆ ನನ್ನ ಬಾಗ್ಲಾಗೇ ನಿಲ್ಸಿ ಕೇಳ್ತಾರೆ."

"ಹುಲಿಯಕ್ಕ, ಇಡೀ ರಾಜ್ಯಕ್ಕೆ ಕರೆಂಟು ಕಳ್ಸಿದ ಕೈ ಇದು. ನೀವು ನಿಶ್ಚಿಂತೆಯಿಂದ ಹೋಗಿ" ಎಂದ ಹೂವಪ್ಪ. ಬೀರಿನಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಜಾಗ, ಬಲ್ಬಿನ ಮೇಲಿನ ಮೊದಲ ಖಾನೆಯಲ್ಲಿ, ಸೀರೆಯನ್ನು ಒಂಟಿಯಾಗಿ ಇಟ್ಟ.

ಜುಲೈಯಲ್ಲಿ ಹೂವಪ್ಪ, ಶ್ಯಾಮಲಾ ಇಬ್ಬರೂ ಸಂಬಂಧಿಕರ ಮನೆಯ ಕಾರ್ಯಕ್ಕೆಂದು ಐದು ದಿನ ಹುಬ್ಬಳ್ಳಿಗೆ ಹೋದರು. ಮನೆಯ ಕೀಲಿ ನನ್ನ ಕೈಗೆ ಬಂತು. ಅವರು ಹೋದ ಮರುದಿನವೇ ಗಾಳಿಮಳೆ. ಎಲ್ಲೋ ಮರ ಬಿದ್ದು ಲೈನು ಹರಿದು ಊರಿಗೆ ಊರೇ ಕತ್ತಲಾಯಿತು. ಒಂದು ದಿನ, ಎರಡು ದಿನ, ನಾಲ್ಕು ದಿನ. ನಾನು ದಿನವೂ ಛತ್ರಿ ಹಿಡಿದು ಹೋಗಿ ಬೀರಿನ ಮುಂದೆ ನಿಂತು ಬರುತ್ತಿದ್ದೆ. ಒಳಗೆ ಬಲ್ಬು ಉರಿಯುತ್ತಿಲ್ಲ ಎನ್ನುವುದು ಗೊತ್ತಿತ್ತು. ಬಾಗಿಲು ತೆಗೆಯಬಾರದು ಎನ್ನುವುದೂ ಗೊತ್ತಿತ್ತು. ಫೋನು ಸತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ 'ಹೇಳಿದ ಮಾತು ಕೇಳಿ' ಎಂದು ಪಾಠ ಮಾಡಿದವನು, ನಾನೂ ಹೇಳಿದ ಮಾತು ಕೇಳಿದೆ.

ಹೂವಪ್ಪ ಬಂದು ಬಾಗಿಲು ತೆಗೆದಾಗ ನಾನು ಪಕ್ಕದಲ್ಲೇ ಇದ್ದೆ. ಬಿಸಿಯಾಗಿದ್ದ ಬೀರು ಏಕಾಏಕಿ ತಣ್ಣಗಾಗಿ, ಒಳಗಿದ್ದ ಗಾಳಿಯ ತೇವವೆಲ್ಲ ಕಬ್ಬಿಣದ ಬೆನ್ನಿಗೆ ಹನಿಯಾಗಿ ಕೂತು, ಕೆಳಕ್ಕೆ ಇಳಿದಿತ್ತು. ಮೇಲಿನ ಖಾನೆಗಳ ಕೋಟು, ಸೀರೆಗೆ ಏನೂ ಆಗಿರಲಿಲ್ಲ. ಹನಿಯೆಲ್ಲ ಸೇರಿದ್ದು ತಳದ ಖಾನೆಗೆ, ಮರ್ಯಾದೆಯ ಜಾಗಕ್ಕೆ. ಸುತ್ತಿದ ಪಂಚೆಯ ಮೇಲೆ ಬೂಸ್ಟು ಬಂದಿತ್ತು. ಬಿಚ್ಚಿದರೆ ಸೀರೆಯ ಒಳತುದಿಯಿಂದ ಎರಡು ಮಾರು ದೂರದಲ್ಲಿ, ಅಂಚಿನ ಪಕ್ಕ ಉದ್ದಕ್ಕೆ ಒಂದು ಪಟ್ಟಿ, ಅಂಗೈ ಅಗಲ. ಮೇಲೆ ಬಿಳಿ ಪುಡಿ, ಕೆಳಗೆ ಚಹಾ ಚೆಲ್ಲಿದಂಥ ಕಲೆ.

ಅವನು ಪಟ್ಟಿಯ ಅಂಚನ್ನು ಕೆಳತುಟಿಗೆ ತಾಗಿಸಿ ನೋಡಿದ. ಆಮೇಲೆ, "ಮೇಷ್ಟ್ರೆ, ಕರೆಂಟು ಹೋದ ಮೇಲೂ ಬಾಗ್ಲು ತೆಗೀಲಿಲ್ವಾ?" ಎಂದ.

"ಏನೇ ಆದ್ರೂ ತೆಗೀಬೇಡಿ ಅಂದಿದ್ದು ನೀನೇ ಅಲ್ವನೋ?"

"ಅಂದಿದ್ದೆ" ಎಂದ. "ಪವರ್‌ಹೌಸಿನಾಗೆ ಕರೆಂಟು ಹೋಗೋದು ಅಂತ ಇಲ್ಲ ನೋಡಿ. ಮೂವತ್ತೊಂದು ವರ್ಷದಾಗೆ ನಾನು ಬಲ್ಬು ಆರಿದ್ದು ನೋಡಿರ್ಲಿಲ್ಲ. ಆರಿದ್ರೆ ಎಂತ ಮಾಡ್ಬೇಕು ಅಂತ ಯೋಚ್ನೆನೇ ಮಾಡ್ಲಿಲ್ಲ."

ಹೇಳುತ್ತ ಅವನಿಗೇ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡ. ಶ್ಯಾಮಲಾ ನಗಲಿಲ್ಲ. "ಹುಲಿಯಕ್ಕಂಗೆ ಇವತ್ತೇ ಹೇಳಿ" ಎಂದಳು.

ಹೇಳಲಿಲ್ಲ. ಸರಿಮಾಡಿ ಆಮೇಲೆ ಹೇಳುತ್ತೇನೆ ಎಂದು ಹೊರಟ. ಬೂಸ್ಟು ಹೋಯಿತು. ಮಳೆ ನಿಂತು ಹೊಳವಾದ ಒಂದು ಮಧ್ಯಾಹ್ನ ತಾರಸಿಯ ನೆರಳಿನಲ್ಲಿ ಸೀರೆ ಹರಡಿ, ಹಳೆಯ ಕ್ಷೌರದ ಬ್ರಷ್ಷಿನಿಂದ ಒಂದೊಂದೇ ಅಂಗುಲ ಬಿಡಿಸಿದ. ಕಲೆ ಹೋಗಲಿಲ್ಲ. ಮೊದಲು ಸೀರೆಯ ಒಳತುದಿಯ ಮೂಲೆಯಲ್ಲಿ ಅಂಟುವಾಳದ ನೀರು ಹಾಕಿ ಬಣ್ಣ ಬಿಡುತ್ತದೋ ನೋಡಿದ, ಬಿಡಲಿಲ್ಲ. ಆಮೇಲೆ ಪಟ್ಟಿಗೆ ಹಾಕಿದ. ಕಲೆ ಸ್ವಲ್ಪ ತೆಳ್ಳಗಾಯಿತು, ಅಷ್ಟೆ. ಇನ್ನೂ ಉಜ್ಜಿದರೆ ನೂಲು ಏಳುತ್ತದೆ ಎಂದು ನಿಲ್ಲಿಸಿದ. ಆಗಸ್ಟ್ ಪೂರ್ತಿ ಅವನು ಬೇರೆ ಮಾತೇ ಆಡಲಿಲ್ಲ. ನಾನು ಪುಸ್ತಕ ಓದಿ ಹೇಳಲು ಹೋದರೆ ಅರ್ಧಕ್ಕೇ ತಡೆದು, "ಅದ್ರಾಗೆ ರೇಷ್ಮೆ ವಿಚಾರ ಏನಾದ್ರೂ ಬರ್ತದಾ?" ಎಂದು ಕೇಳುತ್ತಿದ್ದ.

ಆ ನಡುವೆ ಒಂದು ಸಂತೆಯ ದಿನ ಹುಲಿಯಮ್ಮ ಬಂದೇಬಿಟ್ಟಳು.

"ಒಂದು ಸಲ ಸೀರೆ ತೋರ್ಸು ಹೂವಣ್ಣ, ನೋಡ್ಕಂಡು ಹೋಗ್ತೀನಿ."

ಹೂವಪ್ಪ ನನ್ನ ಮುಖ ನೋಡಿದ. "ಮಳೆಗಾಲದಾಗೆ ಬೀರು ತೆಗಿಯೋ ಹಂಗಿಲ್ಲ ಹುಲಿಯಕ್ಕ. ತೇವ ಒಳಗೆ ಹೋಗ್ತದೆ. ಅಲ್ವಾ ಮೇಷ್ಟ್ರೆ?"

"ಹೌದು" ಎಂದೆ. ನಾನು ಹೇಳಿದ ಸುಳ್ಳುಗಳಲ್ಲಿ ಇದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಅದು ನಿಜವೂ ಆಗಿತ್ತು.

ಅವಳು ಹೋದ ಮೇಲೆ ಶ್ಯಾಮಲಾ ನಮ್ಮಿಬ್ಬರಿಗೂ ಕಾಫಿ ಕೊಡಲಿಲ್ಲ. ಹಾಗೆ ಮೂರು ದಿನ ಕೊಡಲಿಲ್ಲ. ಹುಣ್ಣಿಮೆಗೆ ಇನ್ನು ಮೂರು ವಾರ ಇದೆ ಎನ್ನುವಾಗ ಹೂವಪ್ಪ ಒಂದು ಬೆಳಿಗ್ಗೆ ಸೀರೆಯ ಗಂಟು ಬಗಲಲ್ಲಿಟ್ಟುಕೊಂಡು ನನ್ನ ಬಾಗಿಲಿಗೆ ಬಂದ.

"ಬನ್ನಿ ಮೇಷ್ಟ್ರೆ, ಬೈಸ್ಕಂಡು ಬರಣ."

ಎರಡು ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಅವನು ಹೇಗೆ ಹೇಳಬೇಕೆಂದು ಅಭ್ಯಾಸ ಮಾಡುತ್ತಿದ್ದ. ನಾನು ಹುಲಿಯಮ್ಮನಾಗಿ ಬೈಯಬೇಕಿತ್ತು. ಸರಿಯಾಗಿ ಬೈಯುತ್ತಿಲ್ಲ, ಮೇಷ್ಟ್ರ ಹಾಗೆ ಬೈತಿದೀರಿ ಎಂದು ಅವನು ತಿದ್ದುತ್ತಿದ್ದ. ಮುಂದಿನ ಸೀಟಿನ ಹೆಂಗಸು ತಿರುಗಿ ತಿರುಗಿ ನೋಡುತ್ತಿದ್ದಳು.

ಹುಲಿಯಮ್ಮ ಜಗಲಿಯಲ್ಲಿ ಹಬ್ಬಕ್ಕೆಂದು ಹೊಸ ಬುಟ್ಟಿಗೆ ಕೆಮ್ಮಣ್ಣು ಬಳಿಯುತ್ತಿದ್ದಳು. ಹೂವಪ್ಪ ಅಭ್ಯಾಸ ಮಾಡಿದ್ದು ಯಾವುದನ್ನೂ ಹೇಳಲಿಲ್ಲ. ಗಂಟು ಬಿಚ್ಚಿ, ಸೀರೆಯ ಕಲೆ ಇದ್ದ ಭಾಗವನ್ನೇ ಮೇಲೆ ಮಾಡಿ ಅವಳ ಮುಂದೆ ಹರಡಿದ. "ಕರೆಂಟು ಹೋಗಿತ್ತು ಹುಲಿಯಕ್ಕ. ಹಿಂಗಾತು. ತಪ್ಪು ನಂದೇ."

ಹುಲಿಯಮ್ಮ ಕೆಮ್ಮಣ್ಣಿನ ಕೈ ಸೀರೆಗೆ ತಾಗದ ಹಾಗೆ ಎತ್ತಿ ಹಿಡಿದುಕೊಂಡು ಬಗ್ಗಿ ನೋಡಿದಳು. ನಾನು ಕಂಬಕ್ಕೆ ಒರಗಿದೆ.

"ಕರೆಂಟು ನಂಬ್ಕಂಡು ಸೀರೆ ಇಟ್ಟಿದ್ಯಾ?" ಎಂದಳು ಕೊನೆಗೆ.

"ಹೌದು."

"ನಮ್ಮೂರಾಗೆ ಕಪ್ಪೆ ಕೂಗಿದ್ರೆ ಕರೆಂಟು ಹೋಗ್ತದೆ. ತೊಟ್ಲಾಗಿನ ಮಗೀಗೂ ಗೊತ್ತು. ಮೂವತ್ತು ವರ್ಷ ಅದನ್ನೇ ಮಾಡ್ದೋನು, ನಿಂಗೆ ಗೊತ್ತಾಗ್ಲಿಲ್ವನಾ?"

"ಮಾಡೋ ಜಾಗ್ದಾಗೆ ಹೋಗಲ್ಲ ಅಕ್ಕ, ಅದ್ಕೇ..."

"ಬಾಯ್ ಮುಚ್ಚು! ಅವತ್ತು ಸಂತೆ ದಿನ ಬಂದಾಗ ಬೀರು ತೆಗಿಯಂಗಿಲ್ಲ ಅಂದ್ಯಲ್ಲ, ಆಗ್ಲೇ ಹೇಳ್ಬಾರ್ದಾಗಿತ್ತಾ? ಈ ಮೇಷ್ಟ್ರೂ ಗೋಣು ಹಾಕಿದ್ರು! ಮಕ್ಳಿಗೆ ಇದೇ ಕಲ್ಸಿದ್ರಾ ನೀವು?"

ಹತ್ತು ನಿಮಿಷ ಬೈದಳು. ಬಸ್ಸಿನಲ್ಲಿ ನಾನು ಬೈದದ್ದು ಏನೂ ಅಲ್ಲ. ಕೊನೆಗೆ ಕೆಮ್ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಒಂಬತ್ತು ವರ್ಷ ಕಾದಿದೀನಿ ಕಣೋ. ನಮ್ಮತ್ತೆ ಕೈಯಾರೆ ಕೊಟ್ಟಿದ್ದು. ಇದಿಲ್ದೆ ನನ್ನ ಸೊಸೆ ಹೆಂಗೆ ಗದ್ದೆಗೆ ಹೋಗದು?"

ಹೂವಪ್ಪ ತಲೆ ತಗ್ಗಿಸಿ ಕೂತಿದ್ದ. ಅವನನ್ನು ನಾನು ಹಾಗೆ ನೋಡಿದ್ದು ಅದೊಂದೇ ಸಲ.

ಒಳಗಿನಿಂದ ಸುಚಿತ್ರಾ ಬಂದಳು. ಊರಿನ ಸೊಸೈಟಿಯಲ್ಲಿ ಕೆಲಸ ಮಾಡುವ, ಹೆಚ್ಚು ಮಾತಿಲ್ಲದ ಹುಡುಗಿ. ಆಗ ಅವಳಿಗೆ ಆರು ತಿಂಗಳು ತುಂಬಿತ್ತು. ಸೀರೆಯ ಕಲೆಯನ್ನು ಬೆಳಕಿಗೆ ಹಿಡಿದು ನೋಡಿ, "ಅತ್ತೆ, ನೆರಿಗೆ ಒಳಗೆ ಹೋಗ್ಬೋದು. ಉಟ್ಟು ನೋಡ್ತೀನಿ ತಡೀರಿ" ಎಂದಳು.

ಉಟ್ಟುಕೊಂಡು ಹೊರಗೆ ಬಂದಳು. ಹೊಟ್ಟೆ ಬಂದ ಮೇಲೆ ನೆರಿಗೆಗೆ ಬಟ್ಟೆ ಎಲ್ಲಿ ಉಳಿಯುತ್ತದೆ? ಪಟ್ಟಿ ಸರಿಯಾಗಿ ಹೊಟ್ಟೆಯ ನಟ್ಟನಡುವೆ, ಯಾರೋ ಅಳತೆ ತೆಗೆದು ಬೆಲ್ಟು ಕಟ್ಟಿದ ಹಾಗೆ ಕೂತಿತ್ತು. ಸುಚಿತ್ರಾ ಕೆಳಗೆ ನೋಡಿಕೊಂಡಳು. ಹೂವಪ್ಪ ಅವಳನ್ನು ನೋಡಿದ. ಮೊದಲು ನಕ್ಕಿದ್ದು ಸುಚಿತ್ರಾ. ಆಮೇಲೆ ಹುಲಿಯಮ್ಮನಿಗೂ, ತಡೆದುಕೊಂಡರೂ, ತುಟಿ ಬಿರಿಯಿತು.

"ಬಿಚ್ಚೇ, ಬಿಚ್ಚು. ಪೊಲೀಸಪ್ಪನಂಗೆ ಕಾಣ್ತೀಯ" ಎಂದು ಅವಳನ್ನು ಒಳಗೆ ಕರೆದುಕೊಂಡು ಹೋದಳು.

ಬಹಳ ಹೊತ್ತು ಒಳಗಿನಿಂದ ಮಾತು ಮಾತ್ರ ಕೇಳಿಸುತ್ತಿತ್ತು. "ಹಂಗಲ್ಲ, ಇತ್ಲಾಗೆ ತಿರುಗು." "ತಡಿ, ಮರ್ತು ಹೋಗ್ಯದೆ." "ಈ ತುದಿ ಮೊದ್ಲು ಒಳಗೆ." ಬಳೆಯ ಸದ್ದು. ಮತ್ತೆ, "ಅಯ್ಯ, ಕೈಗೆ ನೆನಪಿತ್ತಲ್ಲೇ, ನಂಗೇ ಇರ್ಲಿಲ್ಲ!"

ಸುಚಿತ್ರಾ ಹೊರಗೆ ಬಂದಾಗ ಸೀರೆಯನ್ನು ಗೊಬ್ಬೆ ಉಟ್ಟಿದ್ದಳು. ನಮ್ಮ ಕಡೆಯ ಹಿಂದಿನ ಹೆಂಗಸರು, ಸೀರೆಯನ್ನು ಎದೆಯ ಮೇಲಿನಿಂದ ಸುತ್ತಿ ತಂದು ಹೆಗಲ ಹತ್ತಿರ ಗಂಟು ಹಾಕಿ ಉಡುತ್ತಿದ್ದ ರೀತಿ ಅದು. ನಾನು ಅದನ್ನು ನೋಡದೆ ನಲವತ್ತು ವರ್ಷ ಆಗಿತ್ತು. ಪಟ್ಟಿ ಒಳಸುತ್ತಿಗೆ ಹೋಗಿ ಎಲ್ಲೂ ಕಾಣುತ್ತಿರಲಿಲ್ಲ. ಹೊಟ್ಟೆಯ ಮೇಲೆ ಕುಂಕುಮದ ಬಣ್ಣ ಮಾತ್ರ ಇತ್ತು.

"ನಮ್ಮತ್ತೆ ಇದನ್ನ ಉಡ್ತಿದ್ದಿದ್ದೇ ಹಿಂಗೆ" ಎಂದಳು ಹುಲಿಯಮ್ಮ. "ನೆರಿಗೆ ಹಿಡ್ದು ಉಡಕ್ಕೆ ಶುರು ಮಾಡಿದ್ದು ನಾನು, ಪ್ಯಾಟೆ ನೋಡಿ ಕಲ್ತು. ಅತ್ತೆ ಬೈದಿದ್ರು." ಆಮೇಲೆ ಹೂವಪ್ಪನ ಕಡೆ ತಿರುಗಿ, "ನೀ ಏನೂ ಬೀಗ್ಬೇಡ. ನಿನ್ನ ತಪ್ಪು ತಪ್ಪೇ. ಹುಣ್ಣಿಮೆಗೆ ಬಂದು ಹೆಡಿಗೆ ಹೊರು" ಎಂದಳು.

ಹುಣ್ಣಿಮೆಯ ಬೆಳಿಗ್ಗೆ ನಾವು ಮೂವರೂ ಹೋಗಿದ್ದೆವು. ಸೂರ್ಯ ಹುಟ್ಟುವ ಹೊತ್ತಿಗೆ ಗದ್ದೆಯ ಅಂಚಿನಲ್ಲಿ ಸಾಲಾಗಿ ನಡೆದೆವು. ಕಡುಬು, ಸೊಪ್ಪಿನ ಅಂಬಲಿಯ ಪಾತ್ರೆ ಇಟ್ಟ ಹೆಡಿಗೆಬುಟ್ಟಿ ಹೂವಪ್ಪನ ತಲೆಯ ಮೇಲೆ. ಅಂಬಲಿ ತುಳುಕಿ ಅವನ ಕಿವಿಯ ಹಿಂದೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಎರಡು ಕೈಯೂ ಖಾಲಿ ಇರಲಿಲ್ಲ. ಶ್ಯಾಮಲಾ ಹಿಂದಿನಿಂದ, "ತೇವ ಆಗ್ತಿದೆ, ತುಟಿಗೆ ಹಚ್ಚಿ ನೋಡಿ!" ಎಂದಳು. ಸುಚಿತ್ರಾ ಒಂದು ಬುಡದ ಭತ್ತಕ್ಕೆ ತನ್ನ ಸರ ತೊಡಿಸಿ, ಅರಿಶಿನ ಕುಂಕುಮ ಹಚ್ಚಿ, ಎಲೆಯ ಮೇಲೆ ಬಡಿಸಿದಳು. ಪಕ್ಕದ ಗದ್ದೆಗಳ ಹೆಂಗಸರು ಅಂಚು ಹಾರಿ ಹಾರಿ ಬಂದು ಅವಳ ಸೀರೆ ನೋಡಿದರು. ದುಗ್ಗಮ್ಮ ಎನ್ನುವ ಮುದುಕಿ ಅವಳ ಹೆಗಲ ಗಂಟನ್ನು ಮುಟ್ಟಿ ಮುಟ್ಟಿ ನೋಡಿ, "ಇದನ್ನ ಉಡ್ಸಕ್ಕೆ ಯಾರಿಗೆ ಬಂತು ಈಗ?" ಎಂದಳು.

"ನಂಗೇ ಬರ್ತದೆ" ಎಂದಳು ಹುಲಿಯಮ್ಮ. ಯಾಕೆ ಉಡಿಸಬೇಕಾಯಿತು ಎಂದು ಹೇಳಲಿಲ್ಲ. ಹೂವಪ್ಪನ ಕಡೆ ನೋಡಲೂ ಇಲ್ಲ.

ಊಟವಾದ ಮೇಲೆ ಹೂವಪ್ಪ ಹೊಸದಾಗಿ ಒಗೆದ ಬಿಳಿ ಪಂಚೆಯನ್ನು ಚೀಲದಿಂದ ತೆಗೆದು ತೊಡೆಯ ಮೇಲೆ ಹರಡಿಕೊಂಡು, ಸೀರೆ ಬಿಚ್ಚಿ ಕೊಡುತ್ತಾರೆ, ಸುತ್ತಿಕೊಂಡು ಹೋಗೋಣ ಎಂದು ಕಾಯುತ್ತಿದ್ದ. ಹುಲಿಯಮ್ಮ ಪಂಚೆಯನ್ನು ಅವನ ಕೈಯಿಂದ ತೆಗೆದುಕೊಂಡಳು.

"ಇನ್ನು ಸೀರೆ ನಮ್ಮನೆ ದಾಟಲ್ಲ."

ಹೂವಪ್ಪನ ಮುಖ ಇಳಿಯಿತು. "ಆತು ಹುಲಿಯಕ್ಕ" ಎಂದ.

"ಪೂರ್ತಿ ಕೇಳು. ಪೆಟ್ಟಿಗೆ ಹೆಂಗೆ ಇಡ್ಬೇಕು, ಎಂತ ಹಾಕ್ಬೇಕು, ನಂಗೂ ಇವ್ಳಿಗೂ ಹೇಳ್ಕೊಡು. ಎರಡು ತಿಂಗ್ಳಿಗೊಂದು ಸಲ ಬಂದು ಮಡಿಕೆ ಬದ್ಲು ಮಾಡು. ಬರ್ಲಿಲ್ಲ ಅಂದ್ರೆ ಮಾತ್ರ ನಿನ್ನ ನಾನು ಬಿಡಲ್ಲ."

ಅವನು ಹೋದ. ಎರಡೂವರೆ ವರ್ಷ, ಎರಡು ತಿಂಗಳಿಗೊಮ್ಮೆ, ಒಂದು ಸಲವೂ ತಪ್ಪಿಸದೆ. ಹೆಚ್ಚು ಸಲ ನಾನೂ ಜೊತೆಗಿರುತ್ತಿದ್ದೆ. ಮೊದಲ ಸಲ ಅವರ ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಬಿಸಿಲಿಗೆ ಬೋರಲು ಹಾಕಿದ. ಗೋಡೆಗೆ ತಾಗದ ಹಾಗೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಹಲಗೆಯ ಮೇಲೆ ಇಡಿಸಿದ. ಬಲ್ಬಿನ ಮಾತೇ ಎತ್ತಲಿಲ್ಲ. ಮಳೆ ಬಿಟ್ಟ ದಿನ ಒಂದು ಗಂಟೆ ಮುಚ್ಚಳ ತೆಗೆದಿಡಿ ಎಂದ. ಹುಲಿಯಮ್ಮ ನನ್ನ ಕಡೆ ನೋಡಿ, "ಏನೇ ಆದ್ರೂ ತೆಗೀಬಾರ್ದು ಅಂತಿದ್ದ ನೋಡಿ ಮೇಷ್ಟ್ರೆ" ಎಂದಳು. ಅಕ್ಕಪಕ್ಕದ ಮನೆಯವರೂ ತಮ್ಮ ತಮ್ಮ ಪೆಟ್ಟಿಗೆ ತಂದು ಅಂಗಳದಲ್ಲಿ ಸಾಲಾಗಿ ಇಡತೊಡಗಿದರು. ಅವನು ಒಂದೊಂದರ ಒಳಗೂ ತಲೆ ಹಾಕಿ ಮೂಸಿ ನೋಡಿ ಬೈಯುತ್ತಿದ್ದ. ಹೊಸನಗರದಲ್ಲೂ ಆಮೇಲೆ ಯಾರಾದರೂ ಹೊಸಬರು ಬಟ್ಟೆ ತಂದರೆ, "ಇಟ್ಕಳ್ಳದಿಲ್ಲ, ಇಡಕ್ಕೆ ಹೇಳ್ಕೊಡ್ತೀನಿ, ಕೂತ್ಕಳಿ" ಎನ್ನುತ್ತಿದ್ದ. ಹಳಬರು ಮಾತ್ರ ಕೇಳದೆ ತಂದು ಸುರಿದು ಹೋಗುತ್ತಿದ್ದರು. ಆ ಸ್ವೆಟರುಗಳನ್ನೇ ನಾನೀಗ ಹಂಚುತ್ತಿರುವುದು.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವನು ಹಾಗೇ ಕುರ್ಚಿಗೆ ಒರಗಿದ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದರ ಬಗ್ಗೆ ಬರೆಯಲು ನನಗೆ ಹೆಚ್ಚೇನೂ ಇಲ್ಲ. ಮನೆಗೆ ಬಂದು ಪುಸ್ತಕ ತೆರೆದರೆ ಅರ್ಧಕ್ಕೇ ತಡೆಯುವವರು ಯಾರೂ ಇಲ್ಲದೆ ಎಷ್ಟು ಪುಟ ಓದಿದರೂ ತಲೆಗೆ ಹತ್ತುವುದಿಲ್ಲ, ಅಷ್ಟೆ.

ಮಡಿಕೆ ಬದಲಿಸಲು ಹುಲಿಯಮ್ಮನ ಮನೆಗೆ ಹೋಗಬೇಕಾದ ದಿನ ಮೇ ತಿಂಗಳ ಎರಡನೆಯ ವಾರಕ್ಕೆ ಬಿತ್ತು. ಹೋಗಬೇಕೋ ಬೇಡವೋ ಎಂದುಕೊಳ್ಳುತ್ತಲೇ ಬಸ್ಸು ಹತ್ತಿದೆ. ಹುಲಿಯಮ್ಮ ಜಗಲಿಯಲ್ಲಿ ಕೂತಿದ್ದಳು. ನನ್ನನ್ನು ಕಂಡು ಎದ್ದು ಒಳಗೆ ಹೋಗಿ ನೀರು, ಬೆಲ್ಲ ತಂದಳು. ಸುಚಿತ್ರಾ ಸೊಂಟದ ಮೇಲಿದ್ದ ಮಗುವನ್ನು ಕೆಳಗಿಳಿಸಿ, ಚಾಪೆ ಹಾಸಿ ಸೀರೆ ತಂದು ಬಿಚ್ಚಿದಳು. ನಾನು ಒಂದು ತುದಿ ಹಿಡಿದೆ, ಹುಲಿಯಮ್ಮ ಇನ್ನೊಂದು ತುದಿ. ನಾನು ಅರ್ಧಕ್ಕೆ ತಂದು ಮಡಿಸಿದೆ.

"ಮೇಷ್ಟ್ರೆ, ಹಳೇ ಗೆರೆ ಮೇಲೇ ಮಡಿಸ್ತಿದೀರಿ" ಎಂದಳು ಸುಚಿತ್ರಾ.

"ಹೌದಾ?"

"ಹೌದು. ನೋಡಿ ಇಲ್ಲಿ."

"ಇಷ್ಟು ಸಲ ಬಂದೂ ಕಲೀಲಿಲ್ಲ ಇವ್ರು" ಎಂದಳು ಹುಲಿಯಮ್ಮ, ಕಣ್ಣು ಒರೆಸಿಕೊಳ್ಳುತ್ತ. "ಬಿಡಿ, ಬಿಡಿ. ನಾಲ್ಕು ಬೆರಳು ಆಚೆ ತಗಳಿ. ಹಾಂ, ಈಗ ಹಿಡೀರಿ."

ಬಿಚ್ಚಿ, ನಾಲ್ಕು ಬೆರಳು ಆಚೆಗೆ ಸರಿಸಿ, ಮತ್ತೆ ಮೊದಲಿನಿಂದ ಮಡಿಸಿದೆವು.